ಜಾವಾ ಕಾಫಿಗೂ ನಮ್ಮ ತೋಟಗಳಿಗೂ ಇರುವ ನಂಟು: ಗೊತ್ತಿರುವವರು ಬರೆಯಿರಿ

ಮಲಾಂಗ್‌ವಾಸಿ:
ಎಲ್ಲರಿಗೂ ನಮಸ್ಕಾರ. ನಮ್ಮೂರು ಬಾಳೆಹೊನ್ನೂರು ಕಡೆ. ಈಗ ಕೆಲಸದ ಮೇಲೆ ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿ, ಪೂರ್ವ ಜಾವಾದ ಮಲಾಂಗ್‌ನಲ್ಲಿದ್ದೇನೆ. ಈಚೆಗೆ ಇಜೆನ್ ಬೆಟ್ಟಸಾಲಿನ ಕಾಫಿ ತೋಟಗಳನ್ನು ನೋಡಿಕೊಂಡು ಬಂದೆ. ಬೊಂಡೊವೊಸೊ ಪೇಟೆಯಿಂದ ಘಾಟಿ ಹತ್ತಿದರೆ ಜಂಪಿತ್, ಬ್ಲಾವನ್ ಅನ್ನುವ ಡಚ್ಚರ ಕಾಲದ ದೊಡ್ಡ ತೋಟಗಳು ಸಿಗುತ್ತವೆ. ಈಗ ಅವು ಸರ್ಕಾರಿ ಕಂಪನಿಯ ಕೈಯಲ್ಲಿವೆ. ಸಾವಿರ ಮೀಟರಿಗಿಂತ ಎತ್ತರದ ಜಾಗ, ಜ್ವಾಲಾಮುಖಿಯ ಕಪ್ಪು ಮಣ್ಣು, ಪೂರಾ ಅರೇಬಿಕಾ ಜಾತಿಯ ಕಾಫಿ. ನರ್ಸರಿಯಲ್ಲಿ ಇದು ಯಾವ ತಳಿ ಅಂತ ಕೇಳಿದ್ದಕ್ಕೆ ಅಲ್ಲಿನ ಮೇಸ್ತ್ರಿ ತಾಮ್ರ ಬಣ್ಣದ ಚಿಗುರು ಮುಟ್ಟಿ ತೋರಿಸುತ್ತ "ಎಸ್ 795" ಅಂದರು. ನಮ್ಮಪ್ಪ ನೆಟ್ಟ ಗಿಡ ಅದೇ. ನಮ್ಮೂರಿನ ಸಂಶೋಧನಾ ಕೇಂದ್ರದಿಂದ ಹೊರಬಂದ ತಳಿ ಇಷ್ಟು ದೂರದ ದ್ವೀಪದ ಬೆಟ್ಟದ ಮೇಲೆ ಹಣ್ಣು ಬಿಟ್ಟು ನಿಂತದ್ದು ನೋಡಿ ತುಂಬಾ ಖುಷಿಯಾಯ್ತು.

ಕುಡಿಯೋ ರೀತಿ ಮಾತ್ರ ನಮ್ಮದಲ್ಲ. ಇಲ್ಲಿನ ಮನೆಗಳಲ್ಲೂ ರಸ್ತೆ ಬದಿಯ 'ವಾರುಂಗ್' ಅಂಗಡಿಗಳಲ್ಲೂ ಸಿಗೋದು 'ಕೋಪಿ ತುಬ್ರುಕ್'. ಗಾಜಿನ ಲೋಟಕ್ಕೆ ನುಣ್ಣಗಿನ ಪುಡಿ, ಸಕ್ಕರೆ ಹಾಕಿ ಕುದಿಯುವ ನೀರು ಹೊಯ್ದು ಒಂದು ಸಲ ಕಲಕಿ ಮುಚ್ಚಳ ಇಟ್ಟುಬಿಡುತ್ತಾರೆ. ಸೋಸುವುದಿಲ್ಲ. ನಾಲ್ಕೈದು ನಿಮಿಷ ಬಿಟ್ಟರೆ ಚರಟ ತಾನಾಗಿ ತಳ ಸೇರುತ್ತದೆ, ಮೇಲಿನ ತಿಳಿ ಮಾತ್ರ ಕುಡಿಯೋದು. ಅವಸರದವರಿಗೆ ಆಗುವ ಕಾಫಿ ಅಲ್ಲ. ಹಾಲು ಕೇಳಿದರೆ ಸಿಹಿ ಡಬ್ಬಿ ಹಾಲು ಹಾಕಿಕೊಡುತ್ತಾರೆ.

ನಮ್ಮ ಕಾಫಿಗೂ ಇಲ್ಲಿನ ಕಾಫಿಗೂ ಇರುವ ಸಂಬಂಧ ಸರಿಯಾಗಿ ಗೊತ್ತಿರುವವರು ಬರೆದರೆ ಉಪಕಾರ. ಬೆಳೆಗಾರರು ಏನಾದರೂ ಕೇಳಬೇಕಿದ್ದರೆ ಕೇಳಿ, ಇಲ್ಲಿ ವಿಚಾರಿಸಿ ಹೇಳುತ್ತೇನೆ.

ಕಣದಂಗಳ, ಕೊಪ್ಪ:
ಎಸ್ 795 ವಿಷಯ ನಾನು ಹೇಳ್ತೀನಿ. ಬಾಳೆಹೊನ್ನೂರು ಕೇಂದ್ರ ಆಗಿದ್ದು 1925ರಲ್ಲಿ. ಆ ಕಾಲಕ್ಕೆ ಎಲೆ ತುಕ್ಕು ರೋಗ ಬಂದು ಹಳೇ 'ಚಿಕ್ಕ್' ತಳಿಗಳೆಲ್ಲ ಹೋಗಿದ್ವು. ಮೂಡಿಗೆರೆ ಹತ್ತಿರ ದೊಡ್ಡೇನ್‌ಗುಡ್ಡ ತೋಟದಲ್ಲಿ ಕೆಂಟ್ ಅನ್ನೋ ಬಿಳಿ ದೊರೆ ರೋಗ ತಡೆಯೋ ಒಂದು ಗಿಡದಿಂದ ಬೀಜ ಆರಿಸಿ ಬೆಳೆಸಿದ್ದು 'ಕೆಂಟ್ಸ್' ತಳಿ. ಅರೇಬಿಕಾಕ್ಕೆ ಲೈಬೀರಿಕಾ ಅನ್ನೋ ಬೇರೆ ಕಾಫಿ ಜಾತಿಯ ರಕ್ತ ತಾನಾಗೇ ಬೆರೆತಿದ್ದ ಗಿಡದ ಸಂತತಿ ಎಸ್ 288. ಇವೆರಡನ್ನೂ ಕೂಡಿಸಿ 1940ರ ದಶಕದಲ್ಲಿ ಎಸ್ 795 ಬಿಟ್ಟರು. ರುಚಿ ಕೆಂಟ್ಸ್‌ದು, ಗಟ್ಟಿತನ ಲೈಬೀರಿಕಾದ್ದು. ಇವತ್ತಿಗೂ ಕಪ್ಪಿಂಗ್ ಮಾಡೋರಿಗೆ, ಅಂದ್ರೆ ಕಾಫಿ ರುಚಿ ನೋಡಿ ಅಳೆಯೋರಿಗೆ, ನಮ್ಮ ಅರೇಬಿಕಾದಲ್ಲಿ ಇದರ ಮೇಲೆ ಒಂದು ಕೈ ಪ್ರೀತಿ ಜಾಸ್ತಿ.

ಪೂರ್ವ ಜಾವಾದ ಜೆಂಬರ್‌ನಲ್ಲಿ ಅವರ ಕಾಫಿ, ಕೋಕೋ ಸಂಶೋಧನಾ ಕೇಂದ್ರ ಇದೆ, 1911ರದ್ದು, ಅಂದ್ರೆ ನಮ್ಮದಕ್ಕಿಂತ ಹಳೇದು. ಅಲ್ಲಿಂದ ರೈತರಿಗೆ ಹಂಚಿದ್ದಕ್ಕೆ ಸುಲವೇಸಿ ದ್ವೀಪದ ತೊರಾಜ ಕಡೆ ಈ ಗಿಡಕ್ಕೆ 'ಜೆಂಬರ್' ಅಂತಲೇ ಹೆಸರು. ತೊರಾಜ ಕಾಫಿ ಅಂತ ಜಪಾನಿನವರು ದುಬಾರಿ ಬೆಲೆ ಕೊಟ್ಟು ಕುಡಿಯೋದ್ರಲ್ಲಿ ನಮ್ಮ ಬಾಳೆಹೊನ್ನೂರಿನ ಗಿಡವೂ ಇದೆ. ಆ ಚೀಲದ ಮೇಲೆ ನಮ್ಮ ಹೆಸರು ಇರಲ್ಲ. ಬೇಜಾರಾಗೋದು ಅದಕ್ಕೆ.

ಹಳೇಕಡತ:
ಮೂಲದ ಇತಿಹಾಸ ಇನ್ನೂ ಹಿಂದಿನದು. ಆಮ್‌ಸ್ಟರ್‌ಡ್ಯಾಮಿನ ಮೇಯರ್ ಆಗಿದ್ದ ನಿಕೊಲಾಸ್ ವಿಟ್ಸೆನ್ ಒತ್ತಾಯದ ಮೇಲೆ ಮಲಬಾರ್ ಕರಾವಳಿಯ ಡಚ್ ಕಮಾಂಡರ್ ಆಡ್ರಿಯಾನ್ ವಾನ್ ಒಮ್ಮೆನ್ 1696ರಲ್ಲಿ ಕಣ್ಣೂರಿನಿಂದ ಬಟೇವಿಯಾಕ್ಕೆ, ಅಂದರೆ ಈಗಿನ ಜಕಾರ್ತಾಕ್ಕೆ, ಕಾಫಿ ಸಸಿ ಕಳಿಸಿದ. ಅವನ್ನು ನೆಟ್ಟ ಸ್ವಲ್ಪ ಕಾಲಕ್ಕೇ ಭೂಕಂಪ, ನೆರೆ ಬಂದು ಗಿಡಗಳೆಲ್ಲ ಹಾಳಾದವು. 1699ರಲ್ಲಿ ಹೆನ್ರಿಕಸ್ ಜ್ವಾರ್ಡೆಕ್ರೂನ್ ಮತ್ತೆ ಮಲಬಾರಿನಿಂದಲೇ ಸಸಿ ತರಿಸಿದ, ಅವು ಬೇರೂರಿದವು. 1706ರಲ್ಲಿ ಜಾವಾದ ಒಂದು ಗಿಡ ಆಮ್‌ಸ್ಟರ್‌ಡ್ಯಾಮಿನ ಸಸ್ಯೋದ್ಯಾನಕ್ಕೆ ಹೋಯಿತು. ಅದರ ಸಂತತಿಯ ಒಂದು ಗಿಡವನ್ನು 1714ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಉಡುಗೊರೆ ಕೊಟ್ಟರು. ಮುಂದೆ ಅಲ್ಲಿಂದಲೇ ಕೆರಿಬಿಯನ್‌ನ ಮಾರ್ಟಿನಿಕ್ ದ್ವೀಪಕ್ಕೆ ಸಸಿ ದಾಟಿತು. ಲ್ಯಾಟಿನ್ ಅಮೆರಿಕದ ಹಳೇ 'ಟಿಪಿಕಾ' ತಳಿಯ ತೋಟಗಳ ವಂಶಾವಳಿ ಹಿಡಿದು ಹಿಂದೆ ಹೋದರೆ ಜಾವಾ ಸಿಗುತ್ತದೆ, ಜಾವಾದ ಹಿಂದೆ ನಮ್ಮ ಪಶ್ಚಿಮ ಕರಾವಳಿ ಸಿಗುತ್ತದೆ.

ಗಿರಿತಪ್ಪಲು:
ಕರಾವಳಿ ಯಾಕೆ ಸರ್, ನೇರವಾಗಿ ಬಾಬಾಬುಡನ್‌ಗಿರಿ ಅನ್ನಿ. ಬಾಬಾ ಬುಡನ್ ಯೆಮನ್ನಿನ ಮೋಕಾ ಬಂದರಿನಿಂದ ಏಳು ಬೀಜ ತಂದು ನೆಟ್ಟಿದ್ದು ನಮ್ಮ ಗಿರಿಯಲ್ಲಿ. ಆ ಕಾಲಕ್ಕೆ ಕಣ್ಣೂರಿಗೆ ಕಾಫಿ ಇನ್ನೆಲ್ಲಿಂದ ಬಂದೀತು? ನಾವು ಚಿಕ್ಕವರಿದ್ದಾಗಿನಿಂದ ಹಿರಿಯರು ಹೇಳಿದ್ದು ಇದನ್ನೇ. ಜಾವಾದ ಕಾಫಿ ನಮ್ಮ ಗಿರಿಯ ಮಗು.

ಹಳೇಕಡತ:
ಗಿರಿಯವರ ಅಭಿಮಾನ ನನಗೂ ಇದೆ. ಏಳು ಬೀಜದ್ದು ಬಾಯಿಂದ ಬಾಯಿಗೆ ಬಂದ ನಂಬಿಕೆ, ಅದಕ್ಕೊಂದು ಗೌರವ ಇದೆ. ಡಚ್ಚರ ದಾಖಲೆ ಹೇಳೋದು ಮಲಬಾರ್ ಅಂತ, ಗಿರಿಯ ಹೆಸರು ಅದರಲ್ಲಿಲ್ಲ. ಆ ಕಾಲದಲ್ಲಿ ಯೆಮನ್ನಿನ ಹಡಗುಗಳು ಮಲಬಾರಿನ ಬಂದರುಗಳಿಗೆ ನೇರವಾಗಿ ಬಂದು ಹೋಗುತ್ತಿದ್ದವು ಅನ್ನುವುದನ್ನೂ ಮರೆಯಬಾರದು. ಹಾಗಾಗಿ ನಾನು ಮಲಬಾರ್ ಅಂತಲೇ ಬರೆಯುತ್ತೇನೆ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ವಿಷಯ ಬೇರೆ. ಬೀಜ ಯಾರದು ಅಂತ ನಾವು ಹೆಮ್ಮೆ ಪಡುತ್ತೇವೆ. ಆ ಬೀಜವನ್ನು ಜಾವಾದಲ್ಲಿ ನೆಟ್ಟವರು ಯಾರು, ಅವರಿಗೆ ಏನು ಸಿಕ್ಕಿತು ಅಂತ ಕೇಳುವವರು ಕಡಿಮೆ. ಪಶ್ಚಿಮ ಜಾವಾದ ಪ್ರಿಯಾಂಗನ್ ಬೆಟ್ಟಗಳಲ್ಲಿ 18ನೇ ಶತಮಾನದ ಮೊದಲ ಭಾಗದಿಂದಲೇ ಡಚ್ ಈಸ್ಟ್ ಇಂಡಿಯಾ ಕಂಪನಿ ಸೀಮೆಯ ಮುಖಂಡರಾದ ಬುಪಾತಿಗಳ ಮೂಲಕ ರೈತರಿಂದ ಬಲವಂತವಾಗಿ ಕಾಫಿ ಬೆಳೆಸಿತು. ಬೆಲೆ ಕಂಪನಿ ಹೇಳಿದ್ದೇ. 1830ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಯೋಹಾನೆಸ್ ವಾನ್ ಡೆನ್ ಬಾಷ್ ಈ ಪದ್ಧತಿಯನ್ನು ಇಡೀ ಜಾವಾಕ್ಕೆ ಹಬ್ಬಿಸಿದ. ಕಬ್ಬು, ನೀಲಿ ಗಿಡ, ಕಾಫಿ ಮೂರೂ ಅದರಲ್ಲಿದ್ದವು, ಅತಿ ಹೆಚ್ಚು ಲಾಭ ತಂದದ್ದು ಕಾಫಿ. ಮನೆಗೆ ಇಷ್ಟು ಗಿಡ ಅಂತ ಲೆಕ್ಕ, ತೋಟ ಮನೆಯಿಂದ ಎಷ್ಟೋ ದೂರದ ಗುಡ್ಡದಲ್ಲಿ, ಹಣ್ಣು ಹೊತ್ತು ಸರ್ಕಾರಿ ಗೋದಾಮಿಗೆ ತಲುಪಿಸುವ ಹೊಣೆಯೂ ರೈತನದೇ. 1840ರ ದಶಕದಲ್ಲಿ ಮಧ್ಯ ಜಾವಾದಲ್ಲಿ ಬರಗಾಲ ಬಂದು ಜನ ಸಾವಿರಗಟ್ಟಲೆ ಸತ್ತರು. ಹೊಲದ ಕೆಲಸಕ್ಕೆ ಬೇಕಾದ ಆಳು ಸರ್ಕಾರದ ಬೆಳೆಗೆ ಹೋಗಿದ್ದದ್ದೂ ಅದಕ್ಕೆ ಒಂದು ಕಾರಣ. ಇದೇ ಪದ್ಧತಿಯಿಂದ ನೆದರ್‌ಲ್ಯಾಂಡ್ಸ್ ಬೊಕ್ಕಸಕ್ಕೆ 1877ರ ಹೊತ್ತಿಗೆ ಹರಿದದ್ದು 80 ಕೋಟಿ ಗಿಲ್ಡರ್‌ಗೂ ಹೆಚ್ಚು. ಆ ದುಡ್ಡಿನಲ್ಲಿ ಅಲ್ಲಿ ಸಾಲ ತೀರಿತು, ರೈಲು ಹಳಿ ಬಿತ್ತು. 1870ರಲ್ಲಿ ಕಾನೂನು ಬದಲಾಗಿ ಉಳಿದ ಬೆಳೆಗಳ ಬಲವಂತ ಒಂದೊಂದಾಗಿ ಹೋಯಿತು. ಕಾಫಿಯದ್ದು 20ನೇ ಶತಮಾನದವರೆಗೂ ಎಳೆಯಿತು.

ನಮ್ಮ ಗಿರಿಯ ಮಗು ಅನ್ನುವುದಾದರೆ ಈ ಕಥೆಯನ್ನೂ ನಮ್ಮದೇ ಅಂತ ಹೇಳಿಕೊಳ್ಳಬೇಕು.

ಮೇದಾನ್ ಮೇಷ್ಟ್ರು:
ಹಳೇಕಡತದವರ ಮಾತಿಗೆ ಒಂದು ಸೇರಿಸುತ್ತೇನೆ. ನಾನಿರೋದು ಉತ್ತರ ಸುಮಾತ್ರಾದ ಮೇದಾನ್‌ನಲ್ಲಿ. ಪಶ್ಚಿಮ ಸುಮಾತ್ರಾದ ಮಿನಂಗ್‌ಕಬಾವ್ ಜನರ ನಾಡಿಗೆ, ಬುಕಿಟ್ಟಿಂಗಿ ಕಡೆ ಹೋದರೆ 'ಕಾವಾ ದಾವುನ್' ಅಂತ ಒಂದು ಪೇಯ ಕೊಡುತ್ತಾರೆ. ಕಾಫಿ ಎಲೆಯ ಕಷಾಯ. ಎಲೆಗಳನ್ನು ಕಡ್ಡಿಗೆ ಸಿಕ್ಕಿಸಿ ಒಲೆಯ ಮೇಲೆ ಹೊಗೆಯಲ್ಲಿ ಒಣಗಿಸಿ, ಮುರಿದು ಕುದಿಸಿ, ಬಿದಿರಿನ ಕಾಲಿನ ಮೇಲೆ ಕೂರಿಸಿದ ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಹೊಗೆ ವಾಸನೆ, ಟೀ ತರಹದ ಕೆಂಪು ಬಣ್ಣ. ಜೊತೆಗೆ ಕರಿದ ಬಾಳೆಹಣ್ಣು. ಪಡಾಂಗ್ ಬೆಟ್ಟಗಳಲ್ಲಿ 1847ರಿಂದ ಕಾಫಿಯನ್ನು ಕಡ್ಡಾಯವಾಗಿ ಸರ್ಕಾರಕ್ಕೇ ಒಪ್ಪಿಸಬೇಕಿತ್ತು. ಕಾಳೆಲ್ಲ ಗೋದಾಮಿಗೆ, ಬೆಳೆದವರ ಪಾಲಿಗೆ ಎಲೆ ಅಂತ ಅಲ್ಲಿನ ಅಜ್ಜಿಯಂದಿರು ಇವತ್ತಿಗೂ ಹೇಳುತ್ತಾರೆ. ಈಗ ಪ್ರವಾಸಿಗಳು ಇಷ್ಟಪಟ್ಟು ಕುಡಿಯುತ್ತಾರೆ. ನನಗೆ ಮಾತ್ರ ಆ ಚಿಪ್ಪು ಕೈಗೆ ಬಂದಾಗ ಸುಮ್ಮನೆ ಕುಡಿಯಲು ಆಗುವುದಿಲ್ಲ.

ಕಣದಂಗಳ, ಕೊಪ್ಪ:
ಮೇಷ್ಟ್ರೇ, ಸುಮಾತ್ರಾದಲ್ಲಿ ಪಾರ್ಚ್‌ಮೆಂಟ್ (ಗಟ್ಟಿ ಸಿಪ್ಪೆ ಇರೋ ಬೀಜ) ಹಸಿ ಇದ್ದಾಗಲೇ ಹಲ್ ಮಾಡ್ತಾರೆ, ಅಂದ್ರೆ ಸಿಪ್ಪೆ ಸುಲೀತಾರೆ ಅಂತ ಕೇಳಿದೀನಿ. ಹೌದಾ? ನಮ್ಮಲ್ಲಿ ಕಣದಲ್ಲಿ ಹತ್ತು ದಿನ ಹರಡಿ, ಗಂಟೆಗೊಮ್ಮೆ ಕೈಯಾಡಿಸಿ, ತೇವ ನೂರಕ್ಕೆ 10ಕ್ಕೆ ಬರದೆ ಬೀಜ ಸುಲಿದು ಹದ ಮಾಡೋ ಕ್ಯೂರಿಂಗ್‌ನವರು ಮುಟ್ಟಲ್ಲ. ಹಸಿ ಬೀಜ ಹಲ್ಲರ್‌ಗೆ ಹಾಕಿದ್ರೆ ಜಜ್ಜಿ ಹೋಗಲ್ವಾ?

ಮೇದಾನ್ ಮೇಷ್ಟ್ರು:
ಹೌದು, 'ಗಿಲಿಂಗ್ ಬಾಸಾ' ಅನ್ನುತ್ತಾರೆ. ಅಚೆ ಪ್ರಾಂತ್ಯದ ಗಾಯೊ, ತೋಬಾ ಸರೋವರದ ಸುತ್ತಿನ ಲಿಂಟಾಂಗ್ ಎರಡೂ ಕಡೆ ಇದೇ ರೂಢಿ. ರೈತ ಮನೆಯ ಹಿತ್ತಲಲ್ಲೇ ಸಣ್ಣ ಕೈ ಪಲ್ಪರ್‌ನಲ್ಲಿ ಹಣ್ಣು ಬಿಡಿಸಿ, ರಾತ್ರಿ ಚೀಲದಲ್ಲೋ ಬಕೆಟ್‌ನಲ್ಲೋ ಇಟ್ಟು, ಬೆಳಿಗ್ಗೆ ತೊಳೆದು, ಒಂದು ಹೊತ್ತು ಬಿಸಿಲಿಗೆ ಹಾಕಿ ಸಂತೆಗೆ ಒಯ್ಯುತ್ತಾನೆ. ಕೊಂಡ ವ್ಯಾಪಾರಿ ಇನ್ನಷ್ಟು ಆರಿಸಿ, ತೇವ ನೂರಕ್ಕೆ 30ರಿಂದ 35 ಇರುವಾಗಲೇ ಹಲ್ಲರ್‌ಗೆ ಹಾಕಿಸುತ್ತಾನೆ. ಹೊರಗೆ ಬರುವ ಬೀಜ ಮೆತ್ತಗೆ, ಉಬ್ಬಿಕೊಂಡು, ನೀಲಿ ಹಸಿರು ಬಣ್ಣಕ್ಕಿರುತ್ತದೆ. ನೀವು ಹೇಳಿದ ಹಾಗೆ ಜಜ್ಜುವುದೂ ಉಂಟು, ತುದಿ ಸೀಳಿದ ಕಾಳಿಗೆ ಇಲ್ಲಿ ಮೇಕೆ ಗೊರಸು ಅನ್ನುತ್ತಾರೆ. ಸಿಪ್ಪೆ ಇಲ್ಲದ ಬೀಜ ಬೇಗ ಒಣಗುತ್ತದೆ, ಎರಡು ಮೂರು ದಿನ ಬಿಸಿಲು ಸಿಕ್ಕರೆ ಸಾಕು. ಇಲ್ಲಿ ವರ್ಷದಲ್ಲಿ ಹೆಚ್ಚಿನ ತಿಂಗಳು ಮಧ್ಯಾಹ್ನದ ಮೇಲೆ ಮಳೆ. ಹತ್ತು ದಿನ ಕಣದಲ್ಲಿ ಹರಡುವ ಮಾತೇ ಇಲ್ಲ. ರೈತನಿಗೂ ವಾರದ ಸಂತೆಯಲ್ಲೇ ದುಡ್ಡು ಕೈಗೆ ಬರಬೇಕು. ಇಂಡೊನೇಷ್ಯಾದ ಕಾಫಿ ಭೂಮಿಯಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಇಂಥ ಸಣ್ಣವರದ್ದೇ, ಒಂದೆರಡು ಹೆಕ್ಟೇರ್ ಇರುವವರು.

ಸುಮಾತ್ರಾ ಕಾಫಿಯ ಆ ಮಣ್ಣಿನ ವಾಸನೆ, ಹುಳಿಯಿಲ್ಲದ ದಪ್ಪ ರುಚಿ ಬರೋದು ಈ ಹದದಿಂದ. ಜಾವಾದ ದೊಡ್ಡ ತೋಟಗಳಲ್ಲಿ ಹೀಗಿಲ್ಲ. ಅಲ್ಲಿ ನಮ್ಮ ಹಾಗೆ ಪೂರ್ತಿ ತೊಳೆದು ಪಾರ್ಚ್‌ಮೆಂಟ್‌ನಲ್ಲೇ ಒಣಗಿಸುತ್ತಾರೆ. ಆ ಹದಕ್ಕೆ ಡಚ್ಚರು 'ವೆಸ್ಟ್ ಇಂಡೀಸ್ ಪದ್ಧತಿ' ಅಂತ ಇಟ್ಟ ಹೆಸರು 'ಡಬ್ಲ್ಯೂಐಬಿ' ಅಂತ ಚೀಲಗಳ ಮೇಲೆ ಇನ್ನೂ ಉಳಿದಿದೆ.

ಕಣದಂಗಳ, ಕೊಪ್ಪ:
ಈಗ ಅರ್ಥ ಆಯ್ತು. ಕೊಯ್ಲಿಗೆ ಅಕಾಲ ಮಳೆ ಹಿಡಿದ ವರ್ಷ ನಾವು ಟಾರ್ಪಾಲ್ ಎಳೆದೂ ಎಳೆದೂ ಸಾಕಾಗಿರ್ತೀವಿ. ಅವರು ಮಳೆಗೆ ತಕ್ಕ ಹಾಗೆ ಹದಾನೇ ಬದಲು ಮಾಡ್ಕೊಂಡ್ರು. ಇದು ಕಲಿಯೋ ವಿಷಯ.

ಸೋಮವಾರಪೇಟೆ ಅಕ್ಕ:
ಚರ್ಚೆ ಓದಿ ಸಂತೋಷ ಆಯ್ತು. ನಾವು ಮಗಳ ಜೊತೆ ಬಾಲಿಗೆ ಹೋಗಿದ್ದಾಗ ಕಿಂತಾಮಣಿ ಬೆಟ್ಟದ ತೋಟ ನೋಡಿದ್ವಿ. ಕಾಫಿ ಸಾಲಿನ ಮಧ್ಯೆ ಕಿತ್ತಳೆ! ನಮ್ಮತ್ತೆಯವರ ಕಾಲದಲ್ಲಿ ಕೊಡಗಿನ ತೋಟ ಹೇಗಿತ್ತೋ ಹಾಗೇ. ನಮ್ಮಲ್ಲಿ ರೋಗ ಬಂದು ಕಿತ್ತಳೆ ಗಿಡ ಹೋದ್ವು, ಕರಿಮೆಣಸು ಬಂತು. ಅಲ್ಲಿ ಕಿತ್ತಳೆ ಉಳಿಸಿಕೊಂಡಿದ್ದಾರೆ, ಕಾಫಿಗೂ ಸಣ್ಣ ಹುಳಿ ವಾಸನೆ ಇದೆ. 'ಸುಬಕ್ ಅಬಿಯನ್' ಅಂತ ರೈತರ ಸಂಘಗಳು, ದೇವಸ್ಥಾನದ ಪೂಜೆ, ಹಣ್ಣು ಆರಿಸುವ ನಿಯಮ ಎಲ್ಲ ಸಂಘದ್ದೇ. ಇಂಡೊನೇಷ್ಯಾದಲ್ಲಿ ಭೌಗೋಳಿಕ ಸೂಚಕ ಮೊದಲು ಸಿಕ್ಕಿದ್ದು ಈ ಕಿಂತಾಮಣಿ ಕಾಫಿಗೆ, 2008ರಲ್ಲಿ. ನಮ್ಮ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ ಸಿಗಲು 2019 ಆಯ್ತು.

ಇನ್ನೊಂದು ವಿಷಯ ಕೈ ಮುಗಿದು ಕೇಳ್ಕೊಳ್ತೀನಿ. ಬಾಲಿಗೆ, ಜಾವಾಕ್ಕೆ ಹೋಗೋರು 'ಕೋಪಿ ಲುವಾಕ್' ಕೊಂಡು ತರಬೇಡಿ. ಅದು ನಮ್ಮ ಕಬ್ಬೆಕ್ಕು ತಿಂದು ಹಾಕಿದ ಬೀಜ. ಹಿಂದೆ ನಮ್ಮ ತೋಟಗಳಲ್ಲೂ ಕಬ್ಬೆಕ್ಕು ಕಲ್ಲಿನ ಮೇಲೆ ಹಾಕಿ ಹೋದದ್ದನ್ನು ಹೆಂಗಸರು ಆರಿಸಿ ತರ್ತಿದ್ರು. ಅದು ರಾತ್ರಿ ತಿರುಗಿ, ಚೆನ್ನಾಗಿ ಹಣ್ಣಾದ್ದನ್ನೇ ಮೂಸಿ ಆರಿಸಿ ತಿನ್ನುವ ಪ್ರಾಣಿ. ಅಲ್ಲಿ ಪ್ರವಾಸಿಗಳಿಗೆ ತೋರಿಸೋ ಜಾಗದಲ್ಲಿ ತಂತಿ ಪಂಜರ. ಕಾಲಡಿಯಲ್ಲೂ ತಂತಿ. ಹಗಲು ಮಲಗಬೇಕಾದ್ದನ್ನು ಜನರ ಗದ್ದಲದಲ್ಲಿ ಇಟ್ಟಿದ್ರು, ಬಾಲದ ಕೂದಲು ಉದುರಿ, ಇದ್ದಲ್ಲೇ ಸುತ್ತು ಹೊಡೀತಾ ಇತ್ತು. ತಿನ್ನೋಕೆ ಬರೀ ಕಾಫಿ ಹಣ್ಣು ತುಂಬಿದ ತಟ್ಟೆ. ಮಗಳು ಅಲ್ಲಿಂದ ಅಳುತ್ತಾ ಹೊರಗೆ ಬಂದಳು. 'ಕಾಡಿನದು' ಅಂತ ಚೀಟಿ ಅಂಟಿಸಿದ್ದನ್ನೂ ನಂಬಬೇಡಿ.

ಮಲಾಂಗ್‌ವಾಸಿ:
ಅಕ್ಕ, ಬರೆದಿದ್ದು ಒಳ್ಳೇದಾಯ್ತು. ಇಲ್ಲಿನ ಬೆಳೆಗಾರರಲ್ಲೂ ಎಷ್ಟೋ ಜನ ಇದನ್ನು ಮೆಚ್ಚುವುದಿಲ್ಲ. ದೂರದವರು ಜಾವಾ ಕಾಫಿ ಅಂದ ತಕ್ಷಣ ಬೆಕ್ಕಿನದನ್ನೇ ಕೇಳುತ್ತಾರೆ, ನಾವು ಕಷ್ಟಪಟ್ಟು ಆರಿಸಿದ ಒಳ್ಳೆ ಹಣ್ಣಿನ ಕಾಫಿ ಯಾರಿಗೂ ಬೇಡ ಅಂತ ಇಜೆನ್‌ನಲ್ಲಿ ಒಬ್ಬರು ಬೇಸರ ಪಟ್ಟುಕೊಂಡರು.

ಸಕಲೇಶಪುರ ಚಂದ್ರಗಿರಿ:
ನನ್ನ ಹೆಸರಲ್ಲೇ ಇರೋ ಚಂದ್ರಗಿರಿ ತಳಿ ಕೂಡ ದ್ವೀಪದ ಋಣ, ಅದನ್ನು ಯಾರೂ ಹೇಳಲಿಲ್ಲ. 1869ರಲ್ಲಿ ಶ್ರೀಲಂಕಾದಲ್ಲಿ ಕಾಣಿಸಿಕೊಂಡ ತುಕ್ಕು ರೋಗ ಅಲ್ಲಿನ ಕಾಫಿಯನ್ನೇ ಮುಗಿಸಿತು, ಅವರು ಟೀಗೆ ಹೋದರು. 1876ರ ಹೊತ್ತಿಗೆ ಅದೇ ರೋಗ ಸುಮಾತ್ರಾ, ಜಾವಾ ತಲುಪಿತು. ತಗ್ಗಿನ ಜಾಗದ ಅರೇಬಿಕಾ ಪೂರಾ ಹೋಯಿತು. ಲೈಬೀರಿಕಾ ಹಾಕಿ ನೋಡಿದರು, ಅದಕ್ಕೂ ರೋಗ ಬಂತು. 1900ರ ಆಸುಪಾಸಿನಲ್ಲಿ ಕಾಂಗೊ ಮೂಲದ ರೊಬಸ್ಟಾ ಜಾತಿ ತಂದು ಹಾಕಿದ ಮೇಲೆ ಜಾವಾ ಉಸಿರಾಡಿತು. ಇವತ್ತು ಇಂಡೊನೇಷ್ಯಾದ ಬೆಳೆಯಲ್ಲಿ ಮುಕ್ಕಾಲು ಪಾಲಿನಷ್ಟು ರೊಬಸ್ಟಾ. ನಮ್ಮ ಕಡೆ ಹಳೇ ರೊಬಸ್ಟಾಗೆ ಪೆರಡೇನಿಯ ಅಂತಾರಲ್ಲ, ಅದೂ ಶ್ರೀಲಂಕಾದ ಪೆರಡೇನಿಯ ಸಸ್ಯೋದ್ಯಾನದ ಹೆಸರೇ.

ಈಗ ಟಿಮೋರ್‌ಗೆ ಬರೋಣ. ಜಾವಾದ ಪೂರ್ವಕ್ಕೆ ಇರೋ ಆ ದ್ವೀಪದಲ್ಲಿ ಪೋರ್ಚುಗೀಸರ ಕಾಲದ ಒಂದು ತೋಟದಲ್ಲಿ ಅರೇಬಿಕಾ, ರೊಬಸ್ಟಾ ತಾವಾಗೇ ಕೂಡಿ ಒಂದು ಗಿಡ ಹುಟ್ಟಿತ್ತು. ಸುತ್ತಲಿನ ಗಿಡಗಳಿಗೆ ತುಕ್ಕು ಹಿಡಿದರೂ ಅದಕ್ಕೆ ಹಿಡಿಯಲಿಲ್ಲ. ಅದರ ಬೀಜ ಪೋರ್ಚುಗಲ್‌ನ ಓಯ್ರಾಶ್‌ನಲ್ಲಿರುವ ತುಕ್ಕು ರೋಗ ಸಂಶೋಧನಾ ಕೇಂದ್ರಕ್ಕೆ ಹೋಯಿತು. ಅಲ್ಲಿ ಕಟುರಾ ತಳಿ ಜೊತೆ ಕೂಡಿಸಿದ್ದು ಕಾಟಿಮೋರ್, ವಿಲ್ಲಾ ಸಾರ್ಚಿ ತಳಿ ಜೊತೆ ಕೂಡಿಸಿದ್ದು ಸಾರ್ಚಿಮೋರ್. ಕಾಟಿಮೋರ್ ನಮಗೆ 'ಕಾವೇರಿ' ಆಗಿ ಬಂತು, ಸಾರ್ಚಿಮೋರ್ 2007ರಲ್ಲಿ 'ಚಂದ್ರಗಿರಿ' ಆಗಿ ಬಂತು. ಕಾವೇರಿಗೆ ವರ್ಷ ಕಳೆದ ಹಾಗೆ ತುಕ್ಕು ಹಿಡೀತು. ಚಂದ್ರಗಿರಿ ನನ್ನ ತೋಟದಲ್ಲಿ ಇನ್ನೂ ತಡೀತಿದೆ, ತುಕ್ಕಿಗೆ ಬೋರ್ಡೋ ದ್ರಾವಣ ಹೊಡೆಯೋ ಖರ್ಚು ಅಷ್ಟು ಉಳಿದಿದೆ.

ಅದಕ್ಕೇ ನನಗೆ 'ನಮ್ಮದು ಅಲ್ಲಿಗೆ ಹೋಯ್ತು' ಅನ್ನೋ ಮಾತು ಅರ್ಧ ಅನ್ಸುತ್ತೆ. ಅಲ್ಲಿಂದ ಬಂದದ್ದು ಬರದೇ ಇದ್ದಿದ್ದರೆ ನನ್ನಂಥವರು ಅರೇಬಿಕಾ ಕಿತ್ತು ಹಾಕಿ ಎಷ್ಟೋ ವರ್ಷ ಆಗಿರೋದು.

ಬಂದರು ರಸ್ತೆ:
ನಮ್ಮದು ಮಂಗಳೂರಿನಲ್ಲಿ ಕ್ಯೂರಿಂಗ್ ಕೆಲಸ. ಹಡಗಿನ ಕಾಲದ ಒಂದು ನಂಟು ಹೇಳುತ್ತೇನೆ. ಹಾಯಿ ಹಡಗಿನಲ್ಲಿ ಕಾಫಿ ಯುರೋಪಿಗೆ ಹೋಗಲು ತಿಂಗಳುಗಟ್ಟಲೆ ಬೇಕಿತ್ತು. ಸಮುದ್ರದ ಹವೆಗೆ ಬೀಜ ತೇವ ಎಳೆದು ಉಬ್ಬಿ, ಬಣ್ಣ ತಿರುಗಿ, ಹುಳಿ ಸತ್ತು ಹೋಗುತ್ತಿತ್ತು. ಜಾವಾದಿಂದ ಹೋದದ್ದು ಕಂದು ಬಣ್ಣಕ್ಕೆ, ಮಲಬಾರಿನದು ಹೊಂಬಣ್ಣಕ್ಕೆ. ಜನರಿಗೆ ಆ ರುಚಿಯೇ ರೂಢಿಯಾಗಿಬಿಟ್ಟಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿ ಹಡಗು ಬಂದ ಮೇಲೆ ಬೀಜ ಹಸಿರಾಗೇ ಮುಟ್ಟತೊಡಗಿತು, ಗಿರಾಕಿಗಳು ಹಳೇ ರುಚಿ ಬೇಕು ಅಂದರು. ಜಾವಾದವರು ಗೋದಾಮಿನಲ್ಲಿ ವರ್ಷಗಟ್ಟಲೆ ಇಟ್ಟು ಹಳೇ ಜಾವಾ ಅಂತ ಮಾರಿದರು. ನಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡುವ ಗೋದಾಮಿನ ನೆಲದಲ್ಲಿ ಹರಡಿ, ರೇಕು ಎಳೆದು, ಚೀಲ ತುಂಬಿ, ಮತ್ತೆ ಸುರಿದು ಮಾನ್ಸೂನ್ಡ್ ಮಲಬಾರ್ ಮಾಡುತ್ತೇವೆ. ಆ ಬೀಜ ಮುಟ್ಟಿದರೆ ಹಗುರ, ಒಣ ಹುಲ್ಲಿನ ವಾಸನೆ. ಇದನ್ನು ಹಾಳಾದ ಕಾಫಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಇಡೀ ಮಳೆಗಾಲ ಹಗಲೂ ರಾತ್ರಿ ಕಾಯುವ ಕೆಲಸ ಅದು.

ಗಿರಿತಪ್ಪಲು:
ಎಲ್ಲರದ್ದೂ ಓದಿದೆ. ಹಳೇಕಡತ ಸರ್, ಏಳು ಬೀಜದ ಮಾತು ನಾನು ಬಿಡಲ್ಲ. ಆದರೆ ಪ್ರಿಯಾಂಗನ್ ರೈತರ ವಿಷಯ ನಮ್ಮ ಮಕ್ಕಳಿಗೂ ಹೇಳಬೇಕಾದ್ದು. ಮಲಾಂಗ್‌ನವರೇ, ಅಲ್ಲಿನ ಜನ ಕಾಫಿ ಅಂಗಡಿಯಲ್ಲಿ ಏನು ಮಾಡ್ತಾರೆ, ಹೇಗೆ ಕೂತ್ಕೋತಾರೆ, ಅದನ್ನೂ ಬರೀರಿ. ನಾವು ಒಂದು ಕುಟುಂಬ ಬಂದು ನೋಡೋಣ ಅಂತಿದೀವಿ, ಕೊಯ್ಲು ಯಾವಾಗ?

ಮಲಾಂಗ್‌ವಾಸಿ:
ಖಂಡಿತ ಬನ್ನಿ. ಜಾವಾ ಭೂಮಧ್ಯರೇಖೆಯ ಆಚೆಗಿರುವುದರಿಂದ ಕೊಯ್ಲು ನಮ್ಮದಕ್ಕೆ ತಿರುಗುಮುರುಗು. ಮೇ ಕೊನೆಯಿಂದ ಸೆಪ್ಟೆಂಬರ್, ಇಜೆನ್ ಎತ್ತರದಲ್ಲಿ ಜುಲೈ, ಆಗಸ್ಟ್ ಹೊತ್ತಿಗೆ ಭರಾಟೆ. ನಿಮ್ಮಲ್ಲಿ ಜಡಿಮಳೆ ಇರುವಾಗ ಇಲ್ಲಿ ಒಣ ಹವೆ. ರಾತ್ರಿ ಚಳಿ ಜೋರು, ಸ್ವೆಟರ್ ತನ್ನಿ.

ಅಂಗಡಿಗಳ ಬಗ್ಗೆ: ತುಲುಂಗಾಗುಂಗ್ ಅನ್ನುವ ಊರಲ್ಲಿ ಕಾಫಿ ಕುಡಿದಾದ ಮೇಲೆ ಎದ್ದು ಹೋಗುವುದಿಲ್ಲ. ಲೋಟದ ತಳದ ನುಣ್ಣನೆ ಗಸಿಯನ್ನು ಬಟ್ಟಲಿಗೆ ಬಗ್ಗಿಸಿ, ಕಾಗದದಿಂದ ನೀರು ಹೀರಿಸಿ, ಅದನ್ನು ಕಡ್ಡಿಯಲ್ಲಿ ಸಿಗರೇಟಿನ ಮೇಲೆ ಬಳಿಯುತ್ತ ಕೂರುತ್ತಾರೆ. ಉತ್ತರ ಕರಾವಳಿಯ ಲಾಸೆಮ್‌ನಲ್ಲಿ ಇದು ಇನ್ನೂ ಸೂಕ್ಷ್ಮ. ಬಾಟಿಕ್ ಬಟ್ಟೆಯ ಬಳ್ಳಿ, ಹೂವಿನ ಚಿತ್ತಾರ ಸಿಗರೇಟಿನ ಮೇಲೆ ಮೂಡುತ್ತದೆ. ಇದಕ್ಕೆ ಅಂತಲೇ ಪುಡಿಯನ್ನು ಮತ್ತೆ ಮತ್ತೆ ಬೀಸಿ ಹಿಟ್ಟಿನಷ್ಟು ನುಣ್ಣಗೆ ಮಾಡುತ್ತಾರೆ. ನಾನು ಸೇದುವವನಲ್ಲ, ಆದರೂ ಆ ಕೈಚಳಕ ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಯೋಗ್ಯಕರ್ತಾದಲ್ಲಿ ತುಗು ರೈಲು ನಿಲ್ದಾಣದ ಪಕ್ಕದ ಗಾಡಿ ಅಂಗಡಿಗಳಲ್ಲಿ ನಿಗಿನಿಗಿ ಕೆಂಡವನ್ನೇ ಕಾಫಿ ಲೋಟಕ್ಕೆ ಹಾಕಿಕೊಡುತ್ತಾರೆ, 'ಕೋಪಿ ಜೋಸ್'. ಚುಂಯ್ ಅಂತ ಉಕ್ಕುತ್ತದೆ, ಸುಟ್ಟ ಸಕ್ಕರೆಯ ವಾಸನೆ ಬರುತ್ತದೆ. ಚಾಪೆ ಹಾಸಿಕೊಂಡು ರಿಕ್ಷಾದವರು, ಕಾಲೇಜು ಹುಡುಗರು ನಡುರಾತ್ರಿಯವರೆಗೆ ಒಟ್ಟಿಗೇ ಕೂತಿರುತ್ತಾರೆ.

ಕಣದಂಗಳ, ಕೊಪ್ಪ:
ಒಂದು ಕೆಲಸ ಮಾಡಿ. ನಮಗೆ ಈಗ ಕಾಯಿಕೊರಕ ಹುಳದ ಕಾಟ ಜಾಸ್ತಿ. ಭಾರತಕ್ಕೆ ಅದು ಬಂದದ್ದು 1990ರಲ್ಲಿ, ಜಾವಾದವರು 1909ರಿಂದ ಅದರ ಜೊತೆ ಗುದ್ದಾಡ್ತಿದ್ದಾರೆ. ಸಣ್ಣ ರೈತರು ಔಷಧಿ ಇಲ್ಲದೆ ಹೇಗೆ ಹಿಡಿತದಲ್ಲಿ ಇಟ್ಕೊಂಡಿದ್ದಾರೆ, ಕೇಳಿ ಹೇಳ್ತೀರಾ?

ಮಲಾಂಗ್‌ವಾಸಿ:
ಇಜೆನ್‌ನ ಮೇಸ್ತ್ರಿಗೆ ಫೋನ್ ಮಾಡಿ ಕೇಳಿದೆ. ಮೂರು ಸುತ್ತಿನ ಕೆಲಸ ಅಂದರು. ಕೊಯ್ಲಿಗೆ ಮೊದಲು ಬೇಗ ಬಲಿತ, ತೂತು ಬಿದ್ದ ಕಾಯಿ ಮಾತ್ರ ಆರಿಸಿ ತೆಗೆದು ಬಿಸಿನೀರಿಗೆ ಹಾಕುವುದು. ಕೊಯ್ಲಿನ ಉದ್ದಕ್ಕೂ ನೆಲಕ್ಕೆ ಬಿದ್ದದ್ದನ್ನು ಒಂದೂ ಬಿಡದೆ ಹೆಕ್ಕುವುದು. ಕೊಯ್ಲು ಮುಗಿದ ಮೇಲೆ ಗಿಡದಲ್ಲಿ ಉಳಿದದ್ದು ಹಸಿರಾಗಲಿ, ಒಣಗಿರಲಿ, ಎಲ್ಲ ಕಿತ್ತು ಗಿಡ ಬೋಳು ಮಾಡುವುದು, ಹುಳಕ್ಕೆ ಮುಂದಿನ ಹೂವಿನವರೆಗೆ ಊಟ ಸಿಗಬಾರದು. ಸುತ್ತಲಿನ ತೋಟದವರೂ ಅದೇ ವಾರ ಮಾಡದಿದ್ದರೆ ನೀವು ಮಾಡಿದ್ದು ದಂಡ ಅಂತ ಎರಡು ಸಲ ಒತ್ತಿ ಹೇಳಿದರು. ಆಲ್ಕೋಹಾಲ್ ಇಟ್ಟ ಬಾಟಲಿ ಬಲೆಗಳನ್ನೂ ಕಟ್ಟುತ್ತಾರಂತೆ. ಫೋಟೊ ಕಳಿಸಲು ಕೇಳಿದ್ದೇನೆ, ಬಂದ ತಕ್ಷಣ ಇಲ್ಲಿ ಹಾಕುತ್ತೇನೆ.